ದೊರೆಸಾನಿಯ ಹುಳು

ಹೊನ್ನಾಳಿಯಲ್ಲಿ ಆಟೋಗಳು ಬಂದು ಬಸ್ ನಿಲ್ದಾಣದ ಬಾಗಿಲಲ್ಲೇ ಗುರುಗುಟ್ಟತೊಡಗಿದ ಮೇಲೆ ಜಟಕಾ ಸ್ಟ್ಯಾಂಡಿನಲ್ಲಿ ಐದೇ ಕುದುರೆಗಳು ಉಳಿದಿದ್ದವು. ಬಾಣಂತಿಯರು, ವಯಸ್ಸಾದವರು, ಆಟೋ ಹತ್ತಿದರೆ ಹೊಟ್ಟೆ ತೊಳಸುತ್ತದೆ ಎನ್ನುವವರು ಮಾತ್ರ ಜಟಕಾ ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದವರೂ ಚಿಕ್ಕಹನುಮಂತಪ್ಪನ ಗಾಡಿಯ ಹತ್ತಿರ ನಿಂತು, ಕುದುರೆಯನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದ ಗಾಡಿ ಹತ್ತುತ್ತಿದ್ದರು. ಒಬ್ಬ ಮುದುಕಿಯಂತೂ, "ನಾನು ಹತ್ತಿದ್ರೆ ಇದು ಕುಂತುಬಿಡ್ತತಿ ಕಣಪ್ಪ. ಬೇಕಾದ್ರೆ ನಾವಿಬ್ರೂ ಜೊತೀಗೆ ನಡಕೊಂಡು ಹೋಗೋಣ" ಎಂದಿದ್ದಳು.

ಆ ಕುದುರೆಯ ಹೆಸರು ದೊರೆಸಾನಿ. ಮರಿಯಾಗಿದ್ದಾಗ ಬೇರೆ ಪ್ರಾಣಿ ಬಾಯಿ ಹಾಕಿದ ಬಕೆಟ್ಟಿನ ನೀರು ಮುಟ್ಟುತ್ತಿರಲಿಲ್ಲವಾಗಿ ಈ ಹೆಸರು. ಅದನ್ನು ತವರಿನಿಂದ ತಂದವಳು ಚಿಕ್ಕಹನುಮಂತಪ್ಪನ ಹೆಂಡತಿ ಅಂಜಮ್ಮ. ಅವಳ ಅಪ್ಪ ಜಗಳೂರಿನಲ್ಲಿ ತಟ್ಟು ಕುದುರೆಗಳ ಮೇಲೆ ಬಟ್ಟೆಗಂಟು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದವನು. ಚೊಚ್ಚಲ ಬಾಣಂತನ ಮುಗಿಸಿ ಹೊರಟ ಮಗಳಿಗೆ, "ಹಸ ಕೊಡ್ಲೇನವ್ವ, ಎಮ್ಮೆ ಕೊಡ್ಲೇನು?" ಎಂದು ಅವನು ಕೇಳಿದಾಗ, ಅಂಗಳದಲ್ಲಿದ್ದ ಕುದುರೆಮರಿಯೊಂದು ಬಂದು ತೊಟ್ಟಿಲೊಳಗೆ ಮೂತಿ ಇಟ್ಟು ಕೂಸಿನ ಕುಲಾವಿಯನ್ನು ಕಚ್ಚಿ ಎಳೆದಿತ್ತು. ಎಲ್ಲರೂ ಹಚಾ ಹಚಾ ಎಂದು ಓಡಿಸುತ್ತಿದ್ದರೆ ಅಂಜಮ್ಮನಿಗೆ ನಗು ತಡೆಯಲಾಗಲಿಲ್ಲ. ಇದನ್ನೇ ಕೊಡು ಎಂದುಬಿಟ್ಟಳು.

ಅತ್ತೆ ಅಂತರಘಟ್ಟಮ್ಮ ಈವತ್ತಿಗೂ ಅದನ್ನು ಮರೆತಿರಲಿಲ್ಲ. "ಮಂದಿ ಸೊಸ್ತೇರು ಕರೆಯೋ ಹಸ ಹೊಡಕೊಂಡು ಬರ್ತಾರೆ. ನಮ್ಮಾಕಿ ಒದೆಯೋದು ಹೊಡಕೊಂಡು ಬಂದ್ಲು" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಜೋರಾಗಿ ಅಲ್ಲ. ಅಂತರಘಟ್ಟಮ್ಮ ಜೋರಾಗಿ ಬೈಯುವವಳೇ ಅಲ್ಲ. ಸಾರಿಗೆ ಒಂದಿಷ್ಟು, ಒಲೆಯ ಬೂದಿಗೆ ಒಂದಿಷ್ಟು, ನೆರಿಗೆ ಸರಿಯಿಲ್ಲದ್ದಕ್ಕೆ ಒಂದಿಷ್ಟು ಎಂದು ಚಿಟಿಕೆ ಚಿಟಿಕೆಯಾಗಿ ಬೈಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದೊಂದು ಚಿಟಿಕೆಗೂ ಅಂಜಮ್ಮನ ಕಣ್ಣು ತುಂಬುತ್ತಿತ್ತು. ಈಗ ಅತ್ತೆ ಮಾತಾಡುತ್ತಿದ್ದರೆ ಅವಳು ಮನಸ್ಸಿನಲ್ಲಿ ಸಂಜೆಗೆ ಯಾವ ಕಾಳು ನೆನೆಹಾಕಲಿ ಎಂದು ಯೋಚಿಸುತ್ತಿದ್ದಳು.

ಹೇಳಬೇಕಾದದ್ದನ್ನು ಅವಳು ದೊರೆಸಾನಿಗೆ ಹೇಳುತ್ತಿದ್ದಳು. ಬೆಳಿಗ್ಗೆ ಮೈ ಉಜ್ಜುವಾಗ, ಗಂಡ ಚಹಾ ಕುಡಿಯಲು ಹೋದಾಗ. ದೊಡ್ಡ ಗುಟ್ಟುಗಳೇನೂ ಅಲ್ಲ. ಕನಸಿನಲ್ಲಿ ತಾನು ಜಗಳೂರಿನ ಶಾಲೆಯ ಕಾಂಪೌಂಡು ಹಾರಿದ್ದು. ಗಂಡ ಒಳ್ಳೆಯವನೇ ಆದರೂ ಉಣ್ಣುವಾಗ ಸೊರ್ ಎಂದು ಎಳೆಯುವ ಸದ್ದಿಗೆ ಕೆಲವು ದಿನ ತಟ್ಟೆ ಕಿತ್ತುಕೊಳ್ಳಬೇಕು ಅನ್ನಿಸುವುದು. ಕನ್ನಡಿಯಲ್ಲಿ ನೋಡಿಕೊಂಡಾಗ ಇವಳು ಯಾರ ಮನೆಯವಳೋ ಅನ್ನಿಸಿದ್ದು. ಕುದುರೆ ಒಂದು ಕಿವಿಯನ್ನು ಇತ್ತ ತಿರುಗಿಸಿ ಕೇಳುತ್ತಿತ್ತು. ಇನ್ನೊಂದು ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಅಷ್ಟು ಗಮನ ಅಂಜಮ್ಮನಿಗೆ ಸಾಕಾಗಿತ್ತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ದೊರೆಸಾನಿಯ ಪಕ್ಕೆಲುಬುಗಳು ಎದ್ದು ಕಾಣತೊಡಗಿದವು. ಮೈಯೆಲ್ಲ ಒಣಗಿ ಹೊಟ್ಟೆ ಮಾತ್ರ ಗುಡಾಣದಂತೆ ಜೋತುಬಿತ್ತು. ಕೂದಲು ಹಳೆಯ ಚಾಪೆಯ ಹಾಗೆ. ಒಂದು ದಿನ ಚಿಕ್ಕಹನುಮಂತಪ್ಪ ಉಣ್ಣುತ್ತಾ ಹೇಳಿದ:

"ಗೋವಿನಕೋವಿ ಜಯಪ್ಪಗೆ ಮಾತು ಕೊಟ್ಟೀನಿ. ಅವನ ಗಂಡು ತಟ್ಟು ನಮಗೆ, ನಮ್ಮದು ಅವಂಗೆ. ದೀಪಾವಳಿಗೆ ಬಂದು ಬದ್ಲಿ ಮಾಡ್ಕೊಂಡು ಹೋಗ್ತಾನೆ."

ಜಯಪ್ಪ ಅವನ ಸೋದರಮಾವನ ಮಗ.

"ಮೈ ತುಂಬಿಕೊಂಡ್ರೆ?" ಎಂದಳು ಅಂಜಮ್ಮ.

"ತುಂಬಿಕೊಂಡ್ರೆ ನೋಡೋಣ. ಎಲ್ಲಿ ತುಂಬಿಕೊಳ್ತತಿ? ತಿಂದಿದ್ದೆಲ್ಲ ಹುಳಕ್ಕೆ ಹೋಗ್ತತಿ."

ಅದು ಅವಳಿಗೂ ಗೊತ್ತಿತ್ತು. ಲದ್ದಿ ಎತ್ತುವವಳು ಅವಳೇ. ಗೊತ್ತಿಲ್ಲದಿದ್ದದ್ದು, ಪ್ರತಿ ಅಮಾವಾಸ್ಯೆಗೂ ಜಂತುಹುಳದ ಪುಡಿ ತಿನ್ನಿಸುತ್ತಿದ್ದರೂ ಹುಳ ಯಾಕೆ ಹೋಗುತ್ತಿಲ್ಲ ಎಂಬುದು.

ಆ ಪುಡಿಗೆ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಒಂದು ಕುದುರೆ ಔಷಧಿ ತಿನ್ನುವಾಗ ಇನ್ನೊಂದು ನೋಡಬಾರದು. ನೋಡಿದರೆ ದೃಷ್ಟಿಯಾಗಿ ಔಷಧಿ ಹತ್ತುವುದಿಲ್ಲ. ಹಾಗಾಗಿ ಯಾರೇ ದನದ ಆಸ್ಪತ್ರೆಯಿಂದ ಪೊಟ್ಟಣ ತಂದರೂ ಸ್ಟ್ಯಾಂಡಿನ ಹಿರಿಯ ತಿಪ್ಪೇಶಪ್ಪ ಅದನ್ನು ಬೆಲ್ಲದಲ್ಲಿ ಕಲಸಿ, ಸಮನಾಗಿ ಉಂಡೆ ಕಟ್ಟಿ, ಎಲ್ಲ ಕುದುರೆಗಳಿಗೂ ಒಂದೊಂದು ಕೊಡುತ್ತಿದ್ದ. ಹತ್ತಿರ ಕತ್ತೆ ನಿಂತಿದ್ದರೆ ಅದಕ್ಕೂ ಒಂದು. ಚಹಾದಂಗಡಿಯ ಹೋತ ಕತ್ತು ಚಾಚಿದರೆ ಅದಕ್ಕೂ ಚೂರು. ಮೊದಮೊದಲು ಉಂಡೆ ತಿಂದ ಮರುದಿನ ಲದ್ದಿಯಲ್ಲಿ ಹುಳ ಬಿದ್ದು, ಹೆಂಗಸರು ಮೂಗು ಮುಚ್ಚಿಕೊಂಡೇ ಸಂತೋಷಪಡುತ್ತಿದ್ದರು. ಈಚೆಗೆ ಅಲ್ಲೊಂದು ಇಲ್ಲೊಂದು ಬಿಟ್ಟರೆ ಏನೂ ಬೀಳುತ್ತಿರಲಿಲ್ಲ. "ಹುಳ ಇಲ್ಲ ಅಂತ ಅರ್ಥ" ಎಂದು ತಿಪ್ಪೇಶಪ್ಪ ತೀರ್ಮಾನಿಸಿದ್ದ.

ಚನ್ನಗಿರಿಯಿಂದ ವರ್ಗವಾಗಿ ಬಂದ ಹೊಸ ಡಾಕ್ಟರು ಮರುಳಸಿದ್ದಪ್ಪ ಅಮಾವಾಸ್ಯೆಯ ದಿನ ಆ ಕಡೆ ಚಹಾ ಕುಡಿಯಲು ಬಂದವರು ಈ ಉಂಡೆ ಹಂಚಿಕೆಯನ್ನು ಕಂಡು ಗ್ಲಾಸು ಕೆಳಗಿಟ್ಟರು.

"ಒಂದು ಕುದುರೆ ಪುಡೀನ ಐದಕ್ಕೆ ಹಂಚ್ತೀರಾ?"

"ಏಳಕ್ಕೆ ಸಾರ್. ಕತ್ತೆ, ಹೋತ ಸೇರಿಸಿ" ಎಂದ ತಿಪ್ಪೇಶಪ್ಪ, ಹೊಗಳಿಕೆಯನ್ನು ಎದುರು ನೋಡುತ್ತ.

ಡಾಕ್ಟರು ಹಣೆಗೆ ಕೈ ಹಚ್ಚಿದರು. "ಅಲ್ರೀ, ಇಷ್ಟಿಷ್ಟೇ ಕೊಟ್ರೆ ಹುಳ ಸಾಯ್ತಾವಾ? ಬಡಪಾಯಿ ಹುಳ ಸಾಯ್ತಾವೆ, ಗಟ್ಟಿ ಹುಳ ಉಳೀತಾವೆ. ಉಳಿದಿದ್ದೇ ಮರಿ ಹಾಕ್ತಾವೆ. ಆ ಮರಿಗಳೂ ಗಟ್ಟಿ. ಹಿಂಗೇ ವರ್ಷಗಟ್ಟಲೆ ಮಾಡಿದ್ರೆ ಊರ ತುಂಬ ಗಟ್ಟಿ ಹುಳವೇ. ಈಗ ನೀವು ಪುಡಿ ಮೂಟೆಗಟ್ಟಲೆ ತಿನ್ಸಿದ್ರೂ ಅವು ಕ್ಯಾರೆ ಅನ್ನಲ್ಲ."

ನೀರು ಹೊತ್ತು ಬರುತ್ತಿದ್ದ ಅಂಜಮ್ಮ ಕೊಡವನ್ನು ಸೊಂಟದಲ್ಲಿಟ್ಟುಕೊಂಡೇ ನಿಂತಳು. ಅವಳಿಗೆ ಒಮ್ಮೆಲೇ ಎಲ್ಲ ತಿಳಿದುಹೋಯಿತು. ಚಿಟಿಕೆ ಚಿಟಿಕೆಯಾಗಿ ಬೈಸಿಕೊಂಡವರ ಕಥೆ ಇನ್ನೇನು? ದೊರೆಸಾನಿಯ ಹೊಟ್ಟೆಯೊಳಗೆ ತನ್ನಂಥವರೇ ಕೂತು ಕಾಳು ನೆನೆಹಾಕುವ ಯೋಚನೆ ಮಾಡುತ್ತಿದ್ದಾರೆ. ಹುಳುಗಳ ಬಗ್ಗೆ ಒಂದು ಕ್ಷಣ ಮರುಕ ಹುಟ್ಟಿತು. ಮರುಕ ಹುಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಬೇರೆ ಜಾತಿಯ ಔಷಧಿಯೊಂದು ತಮ್ಮ ಹತ್ತಿರ ಇದೆ, ಆದರೆ ಒಂದೇ ಕುದುರೆಗೆ ಆಗುವಷ್ಟು, ಹಬ್ಬ ಕಳೆಯುವವರೆಗೆ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಯಾವುದಕ್ಕೆ ಕೊಡಬೇಕೆಂದು ಲದ್ದಿ ನೋಡಿ ಹೇಳುತ್ತೇನೆ. ಪ್ರತಿ ಕುದುರೆಯದ್ದೂ ಬೇರೆ ಬೇರೆಯಾಗಿ, ಬೆಚ್ಚಗಿದ್ದಾಗಲೇ ತನ್ನಿ ಎಂದೂ ಹೇಳಿದರು.

"ಉಳಿದವಕ್ಕೆ?" ಎಂದು ಕೇಳಿದವಳು ಕೆಂಪಕ್ಕ. ಅವಳ ಗಂಡ ಓಬಳಪ್ಪನ ಕುದುರೆ ಬಾದಶಾ ಸ್ಟ್ಯಾಂಡಿನಲ್ಲೇ ಮೈ ಮಿಂಚುವಂಥದ್ದು.

"ಉಳಿದವಕ್ಕೆ ಏನೂ ಬೇಡ. ಒಂದಿಷ್ಟು ಹುಳ ಇರ್ಲಿ. ಔಷಧಿಗೆ ಹೆದರೋ ಹುಳಗಳೂ ಊರಲ್ಲಿ ಇರ್ಬೇಕು ಕಣಮ್ಮ. ಬರೀ ಹೆದರದೋರೇ ಉಳಿದುಬಿಟ್ರೆ ಕಷ್ಟ."

"ಅಂದ್ರೆ ಹುಳ ಸಾಕ್ರಿ ಅಂತೀರಿ!" ಎಂದು ಕೆಂಪಕ್ಕ ಬಾಯಿಗೆ ಸೆರಗಿಟ್ಟುಕೊಂಡಳು.

ಲದ್ದಿ ಹೊತ್ತುಕೊಂಡು ಪೇಟೆಯಲ್ಲಿ ನಡೆಯಲು ಗಂಡಸರಿಗೆ ಮರ್ಯಾದೆ ಅಡ್ಡಬಂತು. ಮಾರನೆಯ ಬೆಳಿಗ್ಗೆ ಹೆಂಗಸರೇ ಮುತ್ತುಗದೆಲೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಸಾಲಾಗಿ ಹೊರಟರು. ಗುರುತಿಗೆ ಅಂಜಮ್ಮ ಹಸಿರು ದಾರ ಸುತ್ತಿದ್ದಳು, ಕೆಂಪಕ್ಕ ಕೆಂಪು ದಾರ. ಎದುರಾದ ಹೂವಿನವಳು, "ಯಾವ ದೇವ್ರಿಗೆ ಹೊಂಟ್ರಿ, ನಂಗೂ ಒಂಚೂರು ಪ್ರಸಾದ ತರ್ರಿ" ಎಂದಳು. ಅಂತರಘಟ್ಟಮ್ಮನೂ ಮೊಣಕಾಲು ನೋವನ್ನು ಮರೆತು ಜೊತೆಗೆ ಬಂದಿದ್ದಳು. ಹೊಸ ಡಾಕ್ಟರು ಲದ್ದಿಯೊಳಗೆ ಅದೇನು ಓದುತ್ತಾರೋ ನೋಡಬೇಕಿತ್ತು ಅವಳಿಗೆ. ಆಸ್ಪತ್ರೆಯಲ್ಲಿ ಪೊಟ್ಟಣಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟು, ಅತ್ತೆಯನ್ನು ಕಾವಲಿಗೆ ಕೂರಿಸಿ, ಉಳಿದವರು ನಲ್ಲಿಯ ಹತ್ತಿರ ಕೈತೊಳೆಯಲು ಹೋದರು.

ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಹುಬ್ಬು ಗಂಟಿಕ್ಕಿದರು.

"ಹಸಿರು ದಾರ ಯಾರದು? ಶುದ್ಧವಾಗಿದೆ. ಹುಡುಕಿದ್ರೂ ಮೊಟ್ಟೆ ಸಿಗಲ್ಲ. ಕೆಂಪು ದಾರ? ಅಯ್ಯಯ್ಯೋ, ಕಣ್ಣು ಹಾಯಿಸಿದಲ್ಲೆಲ್ಲ ಮೊಟ್ಟೆ!"

"ನಮ್ಮ ಬಾದಶಾಂದಾ?" ಕೆಂಪಕ್ಕನ ದನಿ ಕೀರಲಾಯಿತು. "ಸಾರ್, ಇನ್ನೊಂದ್ಸಲ ನೋಡ್ರಿ. ಅದು ಹುರಳಿ ತಿನ್ನೋ ಕುದ್ರೆ ಸಾರ್!"

ಡಾಕ್ಟರಿಗೂ ಸೋಜಿಗವಾಗಿತ್ತು. ಸೊರಗಿದ್ದಕ್ಕೆ ಹುಳ ಇಲ್ಲ, ಮಿಂಚುವುದಕ್ಕೆ ಇದೆ. ಸೊರಗಿದ್ದಕ್ಕೆ ಹಲ್ಲಿನದ್ದೋ ಮತ್ತೇನೋ ತೊಂದರೆ ಇರಬೇಕು, ಹಬ್ಬ ಕಳೆದ ಮೇಲೆ ನೋಡೋಣ ಎಂದರು. ಔಷಧಿ ಬಾದಶಾನಿಗೆ ಎಂದಾಯಿತು.

ದಾರಿಯುದ್ದಕ್ಕೂ ಕೆಂಪಕ್ಕ ಅತ್ತಳು. ಅಂಜಮ್ಮನಿಗೆ ಅಳಲೂ ಆಗಲಿಲ್ಲ. ಹಬ್ಬ ಕಳೆದ ಮೇಲೆ ನೋಡಲು ಕುದುರೆಯೇ ಇರುವುದಿಲ್ಲವಲ್ಲ. ಬೆಳಿಗ್ಗೆ ಲದ್ದಿಯಲ್ಲಿ ತಾನೇ ಕಣ್ಣಾರೆ ಹುಳ ಕಂಡಿದ್ದಳು. ಕಂಡದ್ದು ಸುಳ್ಳೇ?

ಮನೆಗೆ ಬಂದ ಮೇಲೆ ಅಂತರಘಟ್ಟಮ್ಮ ಎಲೆಯಡಿಕೆ ಹಾಕಿಕೊಂಡು ಗೋಡೆಗೆ ಒರಗಿ, ಬಹಳ ದಿನಗಳ ಮೇಲೆ ಸೊಸೆಯನ್ನು ನೋಡಿ ನಕ್ಕಳು.

"ಮನೆ ಮಾನ ಉಳಿಸಿದ್ನವ್ವ."

"ಏನು ಉಳಿಸಿದ್ರಿ?"

"ನೀವೆಲ್ಲ ನಲ್ಲಿ ತಾವ ಹೋದ್ರಲ್ಲ, ದಾರ ಬದ್ಲಿ ಮಾಡ್ದೆ. ನಮ್ಮನೆ ಕುದ್ರಿ ಹೊಟ್ಯಾಗೆ ಹುಳ ಐತೆ ಅಂತ ಸರಕಾರಿ ಡಾಕ್ಟ್ರ ಕೈಲಿ ನಾಕು ಮಂದಿ ಮುಂದೆ ಹೇಳಿಸ್ಕೊಂಬೇಕಾ? ನಾಳೆ ನಿನ್ನ ಮಗಳಿಗೆ ಗಂಡು ನೋಡಾಕೆ ಬಂದೋರು ಅದನ್ನೇ ಕೇಳ್ತಾರೆ!"

ಮಗಳು ಆಗಿನ್ನೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.

ಅಂಜಮ್ಮ ಒಲೆಯ ಮುಂದೆ ಹೋಗಿ ಕೂತಳು. ಹೇಳದಿದ್ದರೆ ದೊರೆಸಾನಿ ಹೋಗುತ್ತದೆ. ಹೇಳಿದರೆ ಅತ್ತೆಯನ್ನು ಬೀದಿಯಲ್ಲಿ ನಿಲ್ಲಿಸಿದ ಹಾಗಾಗುತ್ತದೆ. ಇಷ್ಟು ವರ್ಷ ಅತ್ತೆಯ ಮಾತು ತನಗೆ ತಾಗುವುದಿಲ್ಲ ಎಂದು ಒಳಗೊಳಗೇ ಬೀಗಿದ್ದಳು. ಈಗ ನೋಡಿದರೆ ಅತ್ತೆಯ ತಲೆ ತಗ್ಗುತ್ತದೆ ಎಂಬ ಯೋಚನೆಯೇ ತಾಗುತ್ತಿತ್ತು. ಈ ಮುದುಕಿ ತನಗೆ ಯಾವಾಗ ಇಷ್ಟು ಹತ್ತಿರದವಳಾದಳು? ಯಾರೂ ಹೇಳಿರಲಿಲ್ಲ. ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸ್ಟ್ಯಾಂಡಿಗೆ ನಡೆದಳು. ಹಿಂದೆಯೇ ಅತ್ತೆ, "ಎಲ್ಲಿಗೆ ಹೊಂಟೆ? ಏ ಅಂಜಿ, ಎಲ್ಲಿಗೆ?" ಎನ್ನುತ್ತ ಕುಂಟುತ್ತಾ ಬಂದಳು.

ಸ್ಟ್ಯಾಂಡಿನಲ್ಲಿ ಡಾಕ್ಟರು ಔಷಧಿಯ ಡಬ್ಬಿ ಹಿಡಿದು ಆಗಲೇ ಬಂದಿದ್ದರು. ಬಾದಶಾ ಏನೂ ತಿಳಿಯದೆ ಬಾಲ ಬೀಸುತ್ತಿತ್ತು. ಕೆಂಪಕ್ಕನ ಮುಖ ಊದಿತ್ತು.

"ಸಾರ್, ನಿಲ್ರಿ. ಹುಳ ನಮ್ಮವು" ಎಂದಳು ಅಂಜಮ್ಮ.

"ಏನು?" ಎಂದ ಚಿಕ್ಕಹನುಮಂತಪ್ಪ.

"ಹುಳ ನಮ್ಮ ದೊರೆಸಾನಿವು. ಬಾದಶಾಂಗೆ ಹುಳ ಇಲ್ಲ. ದಾರ ಅದಲು ಬದಲಾಗೈತೆ."

ಯಾರು ಬದಲಿಸಿದರು ಎಂದು ಅವಳು ಹೇಳಲಿಲ್ಲ. ಕೆಂಪಕ್ಕ ಒಮ್ಮೆಲೇ ಎದ್ದು ನಿಂತಳು. "ಜೋರಾಗಿ ಹೇಳೇ ತಂಗಿ! ಆ ಕಡೆಯೋರಿಗೆ ಕೇಳಿಲ್ಲ!"

"ಹುಳ ನಮ್ಮವು!" ಅಂಜಮ್ಮ ಕೂಗಿದಳು. ಚಹಾದಂಗಡಿಯವನು ಸೌಟು ಹಿಡಿದು ಹೊರಬಂದ.

"ಅಲ್ಲ! ನಮ್ಮವಲ್ಲ!" ಅಂತರಘಟ್ಟಮ್ಮ ಏದುಸಿರು ಬಿಡುತ್ತಾ ಬಂದು ತಲುಪಿದಳು. "ಹುಳ ಈ ಕೆಂಪಕ್ಕಂದು!"

"ಯಾರಿಗೆ ಹುಳ ಅಂತೀಯ ಅಜ್ಜಿ?"

"ನಿಂಗಲ್ಲ, ನಿನ್ನ ಕುದ್ರಿಗೆ."

"ನನ್ನ ಕುದ್ರಿಗೆ ಅಂದ್ರೂ ಒಂದೇ, ನಂಗೆ ಅಂದ್ರೂ ಒಂದೇ!"

ಡಾಕ್ಟರು ಕೈ ಎತ್ತಿದರು. "ಸುಮ್ಮನಿರ್ರಮ್ಮಾ. ಯಾರ ಹುಳ ಅಂತ ಪಂಚಾಯ್ತಿ ಮಾಡೋದಲ್ಲ ಇದು. ಇನ್ನೊಮ್ಮೆ ಲದ್ದಿ ನೋಡಿದ್ರೆ ಮುಗೀತು."

ಆಗ ದೊರೆಸಾನಿ, ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ದೊರೆಸಾನಿ, ಬಾಲ ಎತ್ತಿ ಎಲ್ಲರ ಎದುರಿಗೆ ಸಾಕ್ಷಿ ಹಾಕಿತು. ಡಾಕ್ಟರು ಬಗ್ಗಿ ಕಡ್ಡಿಯಿಂದ ಕೆದಕಿದರು. ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಹುಳ ಬರಿಗಣ್ಣಿಗೇ ಕಂಡಿತು. ಕೆಂಪಕ್ಕ ಬಾದಶಾನ ಕುತ್ತಿಗೆ ತಬ್ಬಿಕೊಂಡಳು. ಅಂತರಘಟ್ಟಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗಾಡಿಯ ಹಿಂದೆ ಹೋಗಿ ಕೂತಳು.

ಔಷಧಿ ಕುದುರೆಯ ತೂಕಕ್ಕೆ ಸರಿಯಾಗಿರಬೇಕು, ಕಡಿಮೆಯಾಗಕೂಡದು ಎಂದು ಡಾಕ್ಟರು ದರ್ಜಿಯಂಗಡಿಯಿಂದ ಟೇಪು ತರಿಸಿದರು. ದೊರೆಸಾನಿಯ ಎದೆಯ ಸುತ್ತ ಟೇಪು ಹಿಡಿದರೆ ಅದು ಸಾಲಲಿಲ್ಲ.

"ಎದೆ ಸುತ್ತಳತೆ ಯಾಕೆ ಸಾರ್, ರವಿಕೆ ಹೊಲಿಸ್ತೀರಾ?" ಎಂದಳು ಕೆಂಪಕ್ಕ. ಅವಳಿಗೀಗ ಉತ್ಸಾಹ ತಡೆಯಲಾಗುತ್ತಿರಲಿಲ್ಲ.

"ತೋಳು ನಾಕು ಬೇಕಾಗ್ತವೆ, ಬಟ್ಟೆ ಜಾಸ್ತಿ ಹಿಡೀತದೆ" ಎಂದ ದರ್ಜಿ.

ಸಾಲದ ಭಾಗಕ್ಕೆ ದಾರ ಜೋಡಿಸಿ, ಅಳೆದು, ಲೆಕ್ಕ ಹಾಕಿ, ಡಬ್ಬಿಯಲ್ಲಿದ್ದಷ್ಟನ್ನೂ ಬೂಸಾ ಮತ್ತು ಬೆಲ್ಲದಲ್ಲಿ ಕಲಸಿದರು. ತಿಪ್ಪೇಶಪ್ಪ ವಾಡಿಕೆಯಂತೆ ಮುಂದೆ ಬಂದು ಉಂಡೆ ಕಟ್ಟಲು ಅಂಗೈ ಒಡ್ಡಿದ.

"ಹಂಚೋ ಹಂಗಿಲ್ಲ ರೀ. ಪೂರಾ ಒಂದಕ್ಕೇ."

"ಅದು ಆಗಲ್ಲ ಸಾರ್." ತಿಪ್ಪೇಶಪ್ಪ ಮರ್ಯಾದೆಯಿಂದಲೇ ಹೇಳಿದ. "ನೀವು ಓದಿದೋರು. ಆದ್ರೆ ಒಂದು ತಿನ್ನೋವಾಗ ನಾಕು ನೋಡ್ತಾವಲ್ಲ, ಅವುಗಳ ಬಾಯಾಗೆ ನೀರು ಬರ್ತತಿ. ಆಮೇಲೆ ಈ ಕುದ್ರಿಗೆ ಹೊಟ್ಟೆನೋವು ಬಂದ್ರೆ ಯಾರು ಹೊಣೆ? ನಮ್ಮಪ್ಪನ ಕಾಲದಿಂದ ಹಿಂಗೇ ನಡಕೊಂಡು ಬಂದೈತೆ."

ಉಳಿದ ಗಾಡಿಯವರೂ ತಲೆಯಾಡಿಸಿದರು. ಡಾಕ್ಟರು ವಿವರಿಸಿದರು, ಬೇಡಿಕೊಂಡರು, ಕೊನೆಗೆ ಸಿಟ್ಟಾದರು. ಯಾರೂ ಜಗ್ಗಲಿಲ್ಲ. ಚಿಕ್ಕಹನುಮಂತಪ್ಪ ನೆಲ ನೋಡುತ್ತಾ, "ಹೋಗ್ಲಿ ಬಿಡ್ರಿ, ಒಂದೊಂದು ಚೂರು ಎಲ್ಲಕ್ಕೂ..." ಎಂದು ಶುರು ಮಾಡಿದ.

"ನೋಡಿದ್ರೆ ತಾನೇ ದೃಷ್ಟಿ?" ಎಂದಳು ಅಂಜಮ್ಮ.

ತಿಪ್ಪೇಶಪ್ಪ ಅವಳ ಕಡೆ ತಿರುಗಿದ.

"ಕಣ್ಣು ಕಟ್ಟಿದ್ರೆ?"

ತಿಪ್ಪೇಶಪ್ಪ ಯೋಚಿಸಿದ. ಗಡ್ಡ ಕೆರೆದುಕೊಂಡ. ಅಪ್ಪನ ಕಾಲದಲ್ಲಿ ಕಣ್ಣು ಕಟ್ಟುವುದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. "ಕಾಣದಿದ್ರೆ... ಕಾಣದಿದ್ರೆ ತೊಂದ್ರೆ ಇಲ್ಲ" ಎಂದು ತೀರ್ಪು ಕೊಟ್ಟ.

ನಾಲ್ಕು ಕುದುರೆಗಳನ್ನೂ ಬಸ್ ನಿಲ್ದಾಣದ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬಾದಶಾನ ತಲೆಗೆ ಕೆಂಪಕ್ಕ ತನ್ನ ಸೆರಗನ್ನೇ ಮುಚ್ಚಿ ಮದುಮಗಳಂತೆ ಹಿಡಿದು ನಿಂತಳು. ಉಳಿದವಕ್ಕೆ ಗೋಣಿಚೀಲ, ಟವೆಲ್ಲು, ಒಂದಕ್ಕೆ ಚಹಾದಂಗಡಿಯ ಪರದೆ. ಕತ್ತೆಯನ್ನು ಅಂಚೆ ಕಚೇರಿಯ ಹಿಂದಕ್ಕೆ ಅಟ್ಟಿದರು. ಹೋತ ಮಾತ್ರ ಪರದೆ ಎಳೆದು ಎಳೆದು ಇಣುಕುತ್ತಿದ್ದರಿಂದ ಅದನ್ನು ನಿಂತಿದ್ದ ಬಸ್ಸಿನೊಳಗೆ ಹಾಕಿ ಬಾಗಿಲು ಮುಚ್ಚಿದರು. ನ್ಯಾಮತಿಗೆ ಹೊರಟಿದ್ದ ಆ ಬಸ್ಸಿನ ಪ್ರಯಾಣಿಕರು ಕಿಟಕಿಗಳಲ್ಲಿ ತಲೆ ಹಾಕಿ ಏನು, ಏನು ಎಂದು ಕೇಳತೊಡಗಿದರು.

"ಗಾಡಿಯೋರೂ ತಿರುಗ್ರಿ" ಎಂದ ತಿಪ್ಪೇಶಪ್ಪ, ಈಗ ಕಟ್ಟಳೆಯನ್ನು ಇನ್ನಷ್ಟು ಬಿಗಿಮಾಡುತ್ತ. "ನಮ್ಮ ಕಣ್ಣೂ ಕಣ್ಣೇ." ಗಂಡಸರು, ಹೆಂಗಸರು ಎಲ್ಲ ಗೋಡೆಗೆ ಮುಖ ಹಾಕಿದರು, ಬಸ್ಸಿನವರೂ ಕಿಟಕಿ ಎಳೆದುಕೊಂಡರು. ಡಾಕ್ಟರಿಗೂ ವಿನಾಯಿತಿ ಸಿಗಲಿಲ್ಲ. ಅವರು ಔಷಧಿ ಕಲಸಿದ ಬಟ್ಟಲನ್ನು ಅಂಜಮ್ಮನ ಕೈಗಿತ್ತು, "ಒಂದು ಚೂರೂ ಉಳೀಬಾರದು" ಎಂದು ಹೇಳಿ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ನೋಡುತ್ತಾ ನಿಂತರು.

ಅಷ್ಟು ದೊಡ್ಡ ಸ್ಟ್ಯಾಂಡಿನಲ್ಲಿ ಯಾರೂ ಅಂಜಮ್ಮನನ್ನು ನೋಡುತ್ತಿರಲಿಲ್ಲ. ಅವಳಿಗೆ ಅದು ವಿಚಿತ್ರ ಸುಖವಾಗಿ ಕಂಡಿತು. ಬಟ್ಟಲು ಹಿಡಿದು ದೊರೆಸಾನಿಯ ಮುಂದೆ ನಿಂತಳು. ಅದು ಮೂಸಿತು, ಮೂಗು ಸೊಟ್ಟ ಮಾಡಿತು, ಮುಖ ಅತ್ತ ತಿರುಗಿಸಿತು.

"ತಿನ್ನವ್ವ. ಇವರೆಲ್ಲ ನಿಂಗೋಸ್ಕರ ಮೂತಿ ತಿರುಗಿಸ್ಕೊಂಡು ನಿಂತಾರೆ. ನಂಗೋಸ್ಕರ ಯಾರೂ ಇಷ್ಟು ಮಾಡಿಲ್ಲ."

"ತಿಂತಾ?" ಎಂದು ಗೋಡೆಯ ಕಡೆಯಿಂದ ಡಾಕ್ಟರು ಕೇಳಿದರು.

"ಸುಮ್ಕಿರ್ರಿ ಸಾರ್, ನಾಚ್ಕೊಂತತಿ."

ಗಾಡಿಯ ಹಿಂದಿನಿಂದ ಅಂತರಘಟ್ಟಮ್ಮ ಎದ್ದು ಬಂದಳು. ಸೊಸೆಯ ಮುಖ ನೋಡದೆ, ಸೆರಗಿನ ಗಂಟು ಬಿಚ್ಚಿ, ಮೊಮ್ಮಗಳಿಗೆಂದು ಇಟ್ಟುಕೊಂಡಿದ್ದ ಕೊಬ್ಬರಿ ಚೂರನ್ನು ಬಾಯಲ್ಲಿ ಅಗಿದು, ಬಟ್ಟಲಿನ ಮೇಲೆ ಉದುರಿಸಿದಳು. "ಬರೀ ಬೂಸಾ ಇಟ್ರೆ ಯಾರು ತಿಂತಾರೆ? ಅಡಿಗಿ ಕಲೀಲೇ ಇಲ್ಲ ನೀನು" ಎಂದಳು. ಬೇರೆಯವರ ಎಂಜಲಿನ ನೀರನ್ನೂ ಮುಟ್ಟದಿದ್ದ ದೊರೆಸಾನಿ ಆ ಕೊಬ್ಬರಿಯ ವಾಸನೆಗೆ ಬಟ್ಟಲಿಗೆ ಮೂತಿ ಇಟ್ಟದ್ದು ತಳ ನೆಕ್ಕಿಯೇ ಎತ್ತಿದ್ದು.

ಆಮೇಲಿನ ದಿನಗಳಲ್ಲಿ ಅಂಜಮ್ಮ ಎತ್ತಿದ ಲದ್ದಿಯನ್ನು ವರ್ಣಿಸುವುದು ಬೇಡ. ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ, ಔಷಧಿ ಹತ್ತಿದೆ ಎಂದರು. ಕುದುರೆ ಮೇಯುವ ಹೊಳೆದಂಡೆಯಲ್ಲಿ ಲದ್ದಿ ಬಿಟ್ಟರೆ ಹುಲ್ಲಿನ ಜೊತೆ ಮತ್ತೆ ಹೊಟ್ಟೆಗೇ ಹೋಗುತ್ತದೆ, ದಿನಾ ಎತ್ತಿಹಾಕಿ ಎಂದೂ ಹೇಳಿದರು. ಹಬ್ಬದ ಹೊತ್ತಿಗೆ ಜೋತಿದ್ದ ಹೊಟ್ಟೆ ಒಳಸೇರಿ, ಹಳೆ ಕೂದಲು ಉದುರಿ, ಮೈ ಹುಣಸೆಬೀಜದ ಹಾಗೆ ಹೊಳೆಯತೊಡಗಿತು. ಅಂಜಮ್ಮ ನೆಮ್ಮದಿಯಿಂದ ಹೋಳಿಗೆಗೆ ಬೇಳೆ ಬೇಯಿಸಿದಳು.

ಜಯಪ್ಪ ಬಂದ. ಅವನ ತಟ್ಟು ಬಾಗಿಲಲ್ಲಿ ತೂಕಡಿಸುತ್ತಿತ್ತು. ಅವನು ದೊರೆಸಾನಿಯ ಸುತ್ತ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಅದರ ಬಾಯಿ ಬಿಡಿಸಿ ಹಲ್ಲು ನೋಡಿದ.

"ಏನೋ ಚಿಕ್ಕಣ್ಣ, ಎಲುಬು ಚರ್ಮ ಅಂದಿದ್ದೆ? ಇದು ಜಿಂಕೆ ಆಗೈತಲ್ಲೋ! ಕೊಡು ಕೊಡು. ತಟ್ಟಿನ ಜೊತಿಗೆ ಭತ್ತದ ಚೀಲಾನೂ ಇಳಿಸ್ತೀನಿ."

ಒಲೆಯ ಮುಂದಿದ್ದ ಅಂಜಮ್ಮನ ಕೈ ನಿಂತಿತು. ಸೊರಗಿದ್ದರೆ ಹೊರಗೆ ಹಾಕುವುದಕ್ಕೆ, ಚೆಂದವಾದರೆ ಇನ್ನೊಬ್ಬರು ಒಯ್ಯುವುದಕ್ಕೆ. ಇದೆಂಥ ಲೋಕ ಎನ್ನಿಸಿತು. ಗಂಡನಿಗೆ ಹೇಳಬೇಕೆಂದು ಅವಳು ಎಷ್ಟೋ ದಿನಗಳಿಂದ ಮಾತು ಕಟ್ಟಿಟ್ಟುಕೊಂಡಿದ್ದಳು. ತವರು, ತೊಟ್ಟಿಲು, ಹೆಣ್ಣಿನ ಜೀವ, ಎಲ್ಲ ಬರುವ ಉದ್ದದ ಮಾತು. ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಚಿಕ್ಕಹನುಮಂತಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ನಿಂತಿದ್ದ.

"ಕೊಡಬ್ಯಾಡ್ರಿ" ಎಂದಳು. ಉಳಿದದ್ದು ಒಂದೂ ನೆನಪಿಗೆ ಬರಲಿಲ್ಲ.

ಚಿಕ್ಕಹನುಮಂತಪ್ಪ ಅವಳನ್ನು ನೋಡಿದ. ಲಟ್ಟಣಿಗೆಯನ್ನೂ ನೋಡಿದ.

"ಕೊಡಲ್ಲಂತೆ ಕಣಪ್ಪ ಜಯಪ್ಪ."

"ಯಾರಂತೆ?"

"ನಮ್ಮಾಕಿ."

"ಕುದ್ರಿ ಯಾರದು, ನಿಂದೋ ಆಕೀದೋ?"

ಚಿಕ್ಕಹನುಮಂತಪ್ಪ ಇದನ್ನು ಎಂದೂ ಯೋಚಿಸಿರಲಿಲ್ಲ. ಈಗ ನಿಜವಾಗಿಯೂ ಯೋಚಿಸಿದ. ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು.

"ಆಕೀದೇ ಅನ್ನಿಸ್ತತಿ" ಎಂದ. ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ.

"ಅಯ್ಯೋ, ಭತ್ತ ಹೋತಲ್ಲೋ!" ಎಂದು ಪಡಸಾಲೆಯಿಂದ ಅಂತರಘಟ್ಟಮ್ಮ ನಿಟ್ಟುಸಿರಿಟ್ಟಳು. "ಹೋಗ್ಲಿ, ಒಳಗೆ ಬಾರೋ ಜಯಪ್ಪ, ಉಂಡಾದ್ರೂ ಹೋಗು."

ಅಂಜಮ್ಮ ಒಳಗೆ ಓಡಿದಳು. ಹೆಂಚಿನ ಮೇಲಿದ್ದ ಹೋಳಿಗೆ ಒಂದು ಮಗ್ಗುಲು ಕರಕಲಾಗಿತ್ತು. ಅದನ್ನು ಯಾರಿಗೂ ಬಡಿಸುವಂತಿರಲಿಲ್ಲ. ನಿಂತುಕೊಂಡೇ, ಬಾಯಿ ಸುಟ್ಟುಕೊಳ್ಳುತ್ತಾ, ತುಪ್ಪ ಸುರಿದುಕೊಂಡು ಪೂರಾ ತಿಂದಳು.